ಪಿಂಪ್ರಿ-ಚಿಂಚವಾಡ ಬಿಟ್ಟು ಊರಿಗೆ ಮರಳಿದರೆ ನಿಜಕ್ಕೂ ಎಷ್ಟು ಉಳಿಯುತ್ತೆ? ಬಾಡಿಗೆಯ ಲೆಕ್ಕದಲ್ಲಿ ಮರೆತುಹೋಗುವ ಗಳಿಕೆ ಇದು

ಪಿಂಪ್ರಿ-ಚಿಂಚವಾಡ: ತಿಂಗಳ ಮೊದಲ ವಾರದಲ್ಲೇ ಮನೆ ಬಾಡಿಗೆ, ಅದರ ಬೆನ್ನಿಗೆ ಮಕ್ಕಳ ಶಾಲೆಯ ವ್ಯಾನ್ ಹಣ, ಆಮೇಲೆ ಕರೆಂಟ್ ಬಿಲ್. ಸಂಬಳ ಬಂದ ಹತ್ತು ದಿನಕ್ಕೆ ಕೈ ಖಾಲಿ. ಭೋಸರಿ, ಆಕುರ್ಡಿ, ಚಿಖಲಿ, ಥೇರಗಾಂವ್ ಭಾಗದ ಸಣ್ಣ ಮನೆಗಳಲ್ಲಿ ಬಾಡಿಗೆಗಿರುವ ಕನ್ನಡಿಗ ಕುಟುಂಬಗಳಿಗೆ ಇದು ಪ್ರತಿ ತಿಂಗಳ ಕಥೆ. ಆಗ ಮನೆಯಲ್ಲಿ ಏಳುವ ಪ್ರಶ್ನೆಯೂ ಒಂದೇ. ಆಳಂದದಲ್ಲೋ ಇಂಡಿಯಲ್ಲೋ ಅಕ್ಕಲಕೋಟೆಯಲ್ಲೋ ಸ್ವಂತ ಮನೆ ಇದೆ, ಒಂದಿಷ್ಟು ಹೊಲವೂ ಇದೆ. ಇಲ್ಲಿ ಬಾಡಿಗೆ ಕಟ್ಟುವ ಬದಲು ಊರಿಗೇ ಹೋಗಿಬಿಟ್ಟರೆ ಹೇಗೆ?

ಚಿಕ್ಕ ಉತ್ತರ ಹೀಗಿದೆ: ಖರ್ಚು ಖಂಡಿತ ಇಳಿಯುತ್ತದೆ, ಕೆಲವರಿಗೆ ಅರ್ಧಕ್ಕೇ ಇಳಿಯಬಹುದು. ಆದರೆ ಖರ್ಚು ಇಳಿದ ಮಾತ್ರಕ್ಕೆ ತಿಂಗಳ ಕೊನೆಗೆ ಕೈಯಲ್ಲಿ ಹೆಚ್ಚು ಉಳಿಯುತ್ತದೆ ಎಂದಲ್ಲ. ಬಹಳಷ್ಟು ಮನೆಗಳಲ್ಲಿ ಈ ಲೆಕ್ಕ ತಪ್ಪುವುದು ಒಂದೇ ಜಾಗದಲ್ಲಿ. ಅದು ಯಾವುದು? ಇಲ್ಲಿದೆ ವಿವರ.

ಇಲ್ಲಿಗೆ ಬಂದವರು ಯಾರು, ಬಂದದ್ದು ಯಾಕೆ?

ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆ ಆರಂಭವಾಯಿತು. ನಂತರದ ವರ್ಷಗಳಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಪ್ರದೇಶ, ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್), ಬಜಾಜ್ ಆಟೊ ಬಂದವು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ನೂರಾರು ಸಣ್ಣ ವರ್ಕ್‌ಶಾಪ್‌ಗಳು ಹುಟ್ಟಿಕೊಂಡವು. 1982ರಲ್ಲಿ ಇದು ಮಹಾನಗರ ಪಾಲಿಕೆಯಾಯಿತು. 2011ರ ಜನಗಣತಿಯ ವೇಳೆಗೆ ಜನಸಂಖ್ಯೆ 17 ಲಕ್ಷ ದಾಟಿತ್ತು.

ಮಳೆ ಕೈಕೊಟ್ಟ ವರ್ಷಗಳಲ್ಲಿ ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ, ಮಹಾರಾಷ್ಟ್ರದೊಳಗಿನ ಕನ್ನಡ ಸೀಮೆಯಾದ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಿಂದ ಗುಳೆ ಬಂದವರಿಗೆ ಪುಣೆ ಮತ್ತು ಪಿಂಪ್ರಿ ಹತ್ತಿರದ ಆಸರೆ. ರೈಲು ಹತ್ತಿದರೆ ಸೊಲ್ಲಾಪುರದ ಮೇಲೆ ಕಲಬುರಗಿಗೆ ಸುಮಾರು 375 ಕಿ.ಮೀ. ಕಟ್ಟಡ ಕೆಲಸ, ವರ್ಕ್‌ಶಾಪ್, ಕಂಪನಿಯ ಗುತ್ತಿಗೆ ಕೆಲಸ, ಮನೆಗೆಲಸ ಹೀಗೆ ಗಂಡ-ಹೆಂಡತಿ ಇಬ್ಬರಿಗೂ ದುಡಿಮೆ ಸಿಗುವುದೇ ಇಲ್ಲಿಗೆ ಬರಲು ಮುಖ್ಯ ಕಾರಣವಾಗಿತ್ತು. ಊರಿಗೆ ಮರಳುವ ಲೆಕ್ಕ ಹಾಕುವಾಗ ನೆನಪಿಡಬೇಕಾದ ಮೊದಲ ಸಂಗತಿಯೂ ಇದೇ.

ಈಗ ನಗರ ದುಬಾರಿಯಾಗಿದೆ. ಹನ್ನೊಂದು ತಿಂಗಳ ಕರಾರು ಮುಗಿದಾಗಲೆಲ್ಲ ಬಾಡಿಗೆ ಏರುತ್ತದೆ. ಪವನಾ ಅಣೆಕಟ್ಟೆಯ ನೀರನ್ನು ನೆಚ್ಚಿಕೊಂಡಿರುವ ನಗರದಲ್ಲಿ 2019ರ ನವೆಂಬರ್‌ನಲ್ಲಿ ಪಾಲಿಕೆ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ತಂದಿತು. ನೀರು ಸಾಲದ ಕಡೆ ಟ್ಯಾಂಕರ್ ಹಣವೂ ನಿವಾಸಿಗಳ ತಲೆಗೇ ಬರುತ್ತದೆ.

ಹಳ್ಳಿ ನಿಜಕ್ಕೂ ಎಷ್ಟು ಅಗ್ಗ?

ಕೇಂದ್ರ ಸರ್ಕಾರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ತಿಂಗಳ ವೆಚ್ಚ 4,122 ರೂ., ನಗರಗಳಲ್ಲಿ 6,996 ರೂ. ನಾಲ್ವರ ಕುಟುಂಬಕ್ಕೆ ಲೆಕ್ಕ ಹಾಕಿದರೆ ಹಳ್ಳಿಯಲ್ಲಿ ಸುಮಾರು 16,500 ರೂ., ನಗರದಲ್ಲಿ ಸುಮಾರು 28,000 ರೂ. ಅಂದರೆ ಹಳ್ಳಿಯ ಖರ್ಚು ಶೇ 41ರಷ್ಟು ಕಡಿಮೆ.

ಆದರೆ ಈ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಹಳ್ಳಿಯವರು ಕಡಿಮೆ ಖರ್ಚು ಮಾಡುವುದು ಅಲ್ಲಿ ಎಲ್ಲವೂ ಅಗ್ಗ ಎಂಬ ಕಾರಣಕ್ಕೆ ಮಾತ್ರವಲ್ಲ. ಕೈಯಲ್ಲಿ ಹಣ ಕಡಿಮೆ ಇರುವುದರಿಂದ ಕೊಳ್ಳುವುದೂ ಕಡಿಮೆ.

ಹಾಗಾದರೆ ಬೆಲೆಯ ವ್ಯತ್ಯಾಸವೇ ಎಷ್ಟು? ಇದಕ್ಕೆ ಒಂದು ಹಳೆಯ ಆದರೆ ಉಪಯುಕ್ತ ಅಳತೆ ಇದೆ. ತೆಂಡೂಲ್ಕರ್ ಸಮಿತಿಯ ವಿಧಾನದಂತೆ 2011-12ಕ್ಕೆ ನಿಗದಿಯಾದ ಬಡತನ ರೇಖೆ ಮಹಾರಾಷ್ಟ್ರದ ನಗರಗಳಲ್ಲಿ ತಲೆಗೆ ತಿಂಗಳಿಗೆ 1,126 ರೂ., ಕರ್ನಾಟಕದ ಹಳ್ಳಿಗಳಲ್ಲಿ 902 ರೂ. ಇತ್ತು. ಒಂದೇ ಮಟ್ಟದ ಬದುಕಿಗೆ ಎಲ್ಲೆಲ್ಲಿ ಎಷ್ಟು ಹಣ ಬೇಕು ಎಂಬುದನ್ನು ಬೆಲೆಗಳ ಆಧಾರದಲ್ಲಿ ಹೇಳುವ ಅಂಕಿ ಇದು. ಇದರ ಪ್ರಕಾರ ವ್ಯತ್ಯಾಸ ಸುಮಾರು ಐದನೇ ಒಂದು ಭಾಗ ಮಾತ್ರ.

ಕಾರಣ ಸರಳ. ಅಡುಗೆ ಎಣ್ಣೆ, ಸಕ್ಕರೆ, ಸೋಪು, ಮಾತ್ರೆ, ಮೊಬೈಲ್ ರೀಚಾರ್ಜ್, ಪೆಟ್ರೋಲ್, ಗ್ಯಾಸ್ ಸಿಲಿಂಡರ್‌ಗೆ ಹಳ್ಳಿಯಲ್ಲೂ ಹೆಚ್ಚುಕಡಿಮೆ ಅದೇ ದರ. ಅಗ್ಗವಾಗುವುದು ಮನೆ, ತರಕಾರಿ, ಹಾಲು ಮತ್ತು ಹೊಲದಲ್ಲಿ ಬೆಳೆದರೆ ಜೋಳ, ತೊಗರಿ.

ಒಂದು ಕುಟುಂಬದ ಲೆಕ್ಕ

ವಿಷಯ ಅರ್ಥವಾಗಲು ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಗಂಡನಿಗೆ ವರ್ಕ್‌ಶಾಪ್‌ನಿಂದ ಕೈಗೆ ಬರುವ ಸಂಬಳ 19,000 ರೂ. ಹೆಂಡತಿಗೆ ಎರಡು-ಮೂರು ಮನೆಗಳ ಅಡುಗೆ ಕೆಲಸದಿಂದ 8,000 ರೂ. ಒಟ್ಟು 27,000 ರೂ. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ.

ಪಿಂಪ್ರಿಯಲ್ಲಿ ತಿಂಗಳ ಖರ್ಚು:
ಮನೆ ಬಾಡಿಗೆ: 8,000 ರೂ.
ಕರೆಂಟ್ ಮತ್ತು ನೀರು: 1,200 ರೂ.
ದಿನಸಿ, ತರಕಾರಿ, ಹಾಲು, ಗ್ಯಾಸ್: 8,000 ರೂ.
ಶಾಲೆ ಮತ್ತು ವ್ಯಾನ್: 3,000 ರೂ.
ಪೆಟ್ರೋಲ್: 1,800 ರೂ.
ಮೊಬೈಲ್, ಔಷಧ: 1,500 ರೂ.
ಊರಿಗೆ ಓಡಾಟ, ತಂದೆ-ತಾಯಿಗೆ ಕಳಿಸುವುದು: 2,000 ರೂ.
ಒಟ್ಟು: 25,500 ರೂ. ಉಳಿಯುವುದು: 1,500 ರೂ.

ಈ ಕುಟುಂಬದ ಮುಂದೆ ಮೂರು ದಾರಿಗಳಿವೆ.

ದಾರಿ 1: ಎಲ್ಲರೂ ಊರಿಗೆ

ಸ್ವಂತ ಮನೆ ಇದ್ದರೆ ಬಾಡಿಗೆ ಪೂರ್ತಿ ತಪ್ಪುತ್ತದೆ. ಕಲಬುರಗಿ ತೊಗರಿಗೆ ಹೆಸರಾದ ಸೀಮೆ, ಅಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆಯೂ ಸಿಕ್ಕಿದೆ. ಮನೆಯ ಹೊಲದಿಂದ ಜೋಳ, ಬೇಳೆ ಬಂದರೆ ಊಟದ ಖರ್ಚು ಸಾಕಷ್ಟು ಇಳಿಯುತ್ತದೆ.

ಆದರೆ ಹೊಸ ಖರ್ಚುಗಳು ಹುಟ್ಟುತ್ತವೆ. ಹಳೆಯ ಮನೆಯ ಮಾಳಿಗೆ ಸೋರದಂತೆ ನೋಡಿಕೊಳ್ಳಬೇಕು. ಆಸ್ಪತ್ರೆಗೆ ತಾಲೂಕು ಅಥವಾ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಊರಲ್ಲಿದ್ದ ಮೇಲೆ ಮದುವೆ, ಸೀಮಂತ, ಜಾತ್ರೆ ಯಾವುದನ್ನೂ ತಪ್ಪಿಸುವಂತಿಲ್ಲ, ಮುಯ್ಯಿ ಮಾಡಲೇಬೇಕು.

ಊರಲ್ಲಿ ತಿಂಗಳ ಖರ್ಚು:
ಕರೆಂಟ್, ಮನೆ ದುರಸ್ತಿ: 900 ರೂ.
ಊಟ: 5,500 ರೂ.
ಶಾಲೆ: 1,500 ರೂ.
ಓಡಾಟ: 1,500 ರೂ.
ಮೊಬೈಲ್: 600 ರೂ.
ಔಷಧ, ಆಸ್ಪತ್ರೆಯ ಓಡಾಟ: 1,200 ರೂ.
ಮುಯ್ಯಿ, ಜಾತ್ರೆ: 1,500 ರೂ.
ಒಟ್ಟು: 12,700 ರೂ.

ಖರ್ಚು ನೇರ ಅರ್ಧಕ್ಕೆ ಇಳಿಯಿತು. ಆದರೆ ಮೊದಲಿನಂತೆ 1,500 ರೂ. ಉಳಿಯಬೇಕಾದರೆ ತಿಂಗಳಿಗೆ 14,200 ರೂ. ಆದಾಯ ಬೇಕು. ಗೃಹಲಕ್ಷ್ಮಿಯ 2,000 ರೂ. ಸಿಕ್ಕರೆ 12,200 ರೂ. ಉಳಿಯಿತು. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂ. ಇತ್ತು. ಒಂದು ಕುಟುಂಬಕ್ಕೆ ಪೂರ್ತಿ 100 ದಿನ ಕೆಲಸ ಸಿಕ್ಕರೂ ವರ್ಷಕ್ಕೆ 37,000 ರೂ., ತಿಂಗಳಿಗೆ ಸುಮಾರು 3,000 ರೂ. ಇನ್ನೂ 9,000 ರೂ. ಹೊಲ, ಕೂಲಿ, ಹೈನು ಅಥವಾ ಅಂಗಡಿಯಿಂದ ಬರಬೇಕು, ಅದೂ ಪ್ರತಿ ತಿಂಗಳು.

ನೀರಾವರಿ ಇರುವ ಹೊಲ, ಹಾಲು ಹಾಕುವ ಎಮ್ಮೆ-ಹಸು ಅಥವಾ ಟೇಲರಿಂಗ್, ವೆಲ್ಡಿಂಗ್, ಬೈಕ್ ರಿಪೇರಿಯಂಥ ಕೈಕಸುಬು ಇದ್ದವರಿಗೆ ಇದು ಸಾಧ್ಯ. ಪಿಂಪ್ರಿಯ ವರ್ಕ್‌ಶಾಪ್‌ನಲ್ಲಿ ಕಲಿತ ಕೆಲಸ ಹೋಬಳಿ ಊರಿನಲ್ಲಿ ಅಂಗಡಿಯಾಗಬಲ್ಲದು. ಮಳೆಯನ್ನೇ ನಂಬಿದ ಎರಡೆಕರೆ ಮಾತ್ರ ಇದ್ದವರಿಗೆ ಕಷ್ಟ. ಅವರು ಊರು ಬಿಡಲು ಕಾರಣವಾಗಿದ್ದೇ ಆ ಹೊಲದ ಆದಾಯ ಸಾಲದೆ ಹೋದದ್ದು.

2020ರ ಲಾಕ್‌ಡೌನ್ ಇದನ್ನು ತೋರಿಸಿಕೊಟ್ಟಿತು. ಆಗ ಮಹಾರಾಷ್ಟ್ರದಿಂದ ಊರಿಗೆ ಬರಲು ಜನ ಪಟ್ಟ ಪಾಡು ಅಷ್ಟಿಷ್ಟಲ್ಲ. ಮೇ ತಿಂಗಳ ಎರಡನೇ ಭಾಗದಲ್ಲಿ ಕರ್ನಾಟಕ ಅಲ್ಲಿಂದ ಬರುವವರಿಗೆ ಗಡಿಯನ್ನೇ ಮುಚ್ಚಿತ್ತು. ಹಾಗೆ ಕಷ್ಟಪಟ್ಟು ಊರು ಸೇರಿದವರಲ್ಲಿ ಬಹಳಷ್ಟು ಮಂದಿ ಕಾರ್ಖಾನೆಗಳು ತೆರೆದ ಮೇಲೆ ಮತ್ತೆ ನಗರದ ದಾರಿ ಹಿಡಿದರು. ಊರಲ್ಲಿ ಮನೆಯಿತ್ತು, ಊಟವೂ ಇತ್ತು, ತಿಂಗಳ ಸಂಬಳ ಇರಲಿಲ್ಲ.

ದಾರಿ 2: ಕುಟುಂಬ ಊರಿಗೆ, ದುಡಿಯುವವರು ಇಲ್ಲೇ

ಹೆಚ್ಚಿನವರಿಗೆ ಮೊದಲು ಹೊಳೆಯುವ ದಾರಿ ಇದು. ಹೆಂಡತಿ-ಮಕ್ಕಳನ್ನು ಊರಿಗೆ ಕಳಿಸಿ ಗಂಡ ನಾಲ್ಕೈದು ಜನರ ಜತೆ ಖೋಲಿ ಹಂಚಿಕೊಂಡು, ಖಾನಾವಳಿಯಲ್ಲಿ ಊಟ ಮಾಡಿಕೊಂಡು ಇರುವುದು. ಕೇಳಲು ಲಾಭದ್ದೇ ಅನಿಸುತ್ತದೆ. ಲೆಕ್ಕ ನೋಡಿ.

ಊರಲ್ಲಿ ಮೂವರ ಖರ್ಚು 10,500 ರೂ. ಪಿಂಪ್ರಿಯಲ್ಲಿ ಒಬ್ಬರ ಖರ್ಚು: ಖೋಲಿಯ ಪಾಲು 2,500, ಖಾನಾವಳಿ 3,500, ಪೆಟ್ರೋಲ್ 1,200, ಮೊಬೈಲ್ ಮತ್ತಿತರ 800, ತಿಂಗಳಿಗೊಮ್ಮೆ ಊರಿಗೆ ಹೋಗಿಬರಲು 1,500. ಒಟ್ಟು 9,500 ರೂ. ಎರಡೂ ಕಡೆ ಸೇರಿ 20,000 ರೂ.

ಖರ್ಚು 25,500ರಿಂದ 20,000ಕ್ಕೆ ಇಳಿಯಿತು, 5,500 ರೂ. ಉಳಿಯಿತು ಎನ್ನುತ್ತಾರೆ ಎಲ್ಲರೂ. ಆದರೆ ಹೆಂಡತಿಯ 8,000 ರೂ. ಗಳಿಕೆ ನಿಂತುಹೋಯಿತಲ್ಲ! ಈಗ ಬರುವುದು 19,000 ರೂ., ಖರ್ಚು 20,000 ರೂ. ಅಂದರೆ ತಿಂಗಳಿಗೆ 1,000 ರೂ. ಸಾಲ. ಗೃಹಲಕ್ಷ್ಮಿ ಹಣ ಬಂದರೆ 1,000 ರೂ. ಉಳಿಯುತ್ತದೆ. ಅದೂ ಪಿಂಪ್ರಿಯಲ್ಲಿ ಉಳಿಯುತ್ತಿದ್ದುದಕ್ಕಿಂತ ಕಡಿಮೆ, ಅದರ ಜತೆಗೆ ಮನೆ ಎರಡಾದ ಕಷ್ಟ ಬೇರೆ.

ಲೆಕ್ಕ ತಪ್ಪುವ ಜಾಗ ಇದೇ. ಬಾಡಿಗೆ ಒಂದೇ ಗಂಟಿನಲ್ಲಿ ಹೋಗುವ ಹಣ, ಹಾಗಾಗಿ ಕಣ್ಣಿಗೆ ಕಾಣುತ್ತದೆ. ಮನೆಯೊಡತಿಯ ಗಳಿಕೆ ಐದುನೂರು, ಸಾವಿರವಾಗಿ ಬಂದು ತರಕಾರಿ, ಹಾಲು, ಮಕ್ಕಳ ಪುಸ್ತಕಕ್ಕೆ ಕರಗುತ್ತದೆ. ಅದನ್ನು ಯಾರೂ ಆದಾಯ ಎಂದು ಬರೆದಿಡುವುದಿಲ್ಲ. ಈ ಉದಾಹರಣೆಯಲ್ಲಿ ಬಾಡಿಗೆ ಎಷ್ಟೋ ಆಕೆಯ ಗಳಿಕೆಯೂ ಅಷ್ಟೇ. ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಕಳೆದುಕೊಂಡರೆ ಬದಲಾಗಿದ್ದು ಊರು ಮಾತ್ರ.

ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಕೆಲಸವೇ ಇಲ್ಲ ಎಂದಲ್ಲ. ಕಳೆ, ರಾಶಿ, ಹತ್ತಿ ಬಿಡಿಸುವ ಹಂಗಾಮಿನಲ್ಲಿ ಕೂಲಿ ಸಿಗುತ್ತದೆ. ಆದರೆ ಹಂಗಾಮು ಮುಗಿದರೆ ಕೂಲಿಯೂ ಮುಗಿಯಿತು.

ದಾರಿ 3: ನಗರದ ಅಂಚಿಗೆ

ಮೂರನೆಯ ದಾರಿ ಊರಿಗಲ್ಲ, ಪಕ್ಕದ ಮಾವಳ ತಾಲೂಕಿಗೆ. ಪುಣೆ-ಲೋಣಾವಳಾ ಲೋಕಲ್ ರೈಲು ಪಿಂಪ್ರಿ, ಚಿಂಚವಾಡ, ಆಕುರ್ಡಿ, ದೇಹೂರೋಡ್ ದಾಟಿ ತಳೇಗಾಂವ್, ವಡಗಾಂವ್, ಕಾಮಶೇತ್ ಮೇಲೆ ಹೋಗುತ್ತದೆ. ನಗರದಿಂದ ದೂರ ಹೋದಷ್ಟೂ ಬಾಡಿಗೆ ಇಳಿಯುತ್ತದೆ. ತಿಂಗಳ ಪಾಸ್ ಮಾಡಿಸಿದರೆ ಪೆಟ್ರೋಲ್ ಖರ್ಚೂ ತಗ್ಗುತ್ತದೆ.

ಬಾಡಿಗೆ 5,000 ರೂ. ಎಂದು ಹಿಡಿದು, ಉಳಿದ ಖರ್ಚಿನಲ್ಲಿ ತುಸು ಇಳಿಕೆ ಸೇರಿಸಿದರೆ ಒಟ್ಟು ವೆಚ್ಚ 22,000 ರೂ. ಆಗುತ್ತದೆ. ಇಬ್ಬರ ದುಡಿಮೆಯೂ ಉಳಿದರೆ ತಿಂಗಳಿಗೆ 5,000 ರೂ. ಉಳಿತಾಯ. ಮೂರು ದಾರಿಗಳಲ್ಲಿ ಕಣ್ಣಿಗೆ ಕಾಣದ ದಾರಿ ಇದು, ಲೆಕ್ಕದಲ್ಲಿ ಹೆಚ್ಚು ಉಳಿಸುವುದೂ ಇದೇ. ಆದರೆ ಆಕೆಗೆ ಅಲ್ಲಿ ಕೆಲಸ ಸಿಗದೆ 8,000 ರೂ. ತಪ್ಪಿದರೆ 3,000 ರೂ. ಕೊರತೆ ಬೀಳುತ್ತದೆ. ಹಾಗಾಗಿ ಮನೆ ನೋಡುವ ಮೊದಲು ಆಕೆಯ ಕೆಲಸ ನೋಡಬೇಕು. ಈ ಮಾರ್ಗದಲ್ಲಿ ಮುಂಬೈನಷ್ಟು ಗಾಡಿಗಳಿಲ್ಲ. ರಾತ್ರಿ ಪಾಳಿ ಇರುವವರು ತಮ್ಮ ಪಾಳಿಗೂ ರೈಲಿನ ವೇಳೆಗೂ ಹೊಂದುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಗಡಿ ದಾಟಿದರೆ ಯೋಜನೆಗಳೂ ಬದಲಾಗುತ್ತವೆ

ಅಕ್ಕಲಕೋಟೆ ಅಥವಾ ಜತ್ತಕ್ಕೆ ಮರಳುವವರು ಮಹಾರಾಷ್ಟ್ರದಲ್ಲೇ ಇರುತ್ತಾರೆ. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂ. ಒಳಗಿದ್ದರೆ 'ಲಾಡ್ಕಿ ಬಹೀಣ್' ಯೋಜನೆಯ 1,500 ರೂ.ಗೆ ಅರ್ಹತೆ ಇರುತ್ತದೆ. ಮಹಾರಾಷ್ಟ್ರದ ಸರ್ಕಾರಿ ಬಸ್‌ಗಳಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟ್.

ಆಳಂದ, ಅಫಜಲಪುರ, ಇಂಡಿ ಕಡೆ ಹೋಗುವವರಿಗೆ ಕರ್ನಾಟಕದ ಯೋಜನೆಗಳು ಅನ್ವಯ. ಗೃಹಲಕ್ಷ್ಮಿಯ 2,000 ರೂ. ಪಡೆಯಲು ಪಡಿತರ ಚೀಟಿಯಲ್ಲಿ ಆಕೆ ಮನೆಯ ಯಜಮಾನಿಯಾಗಿರಬೇಕು. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾಗಿರಬಾರದು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಇದೆ, ಆದರೆ ಎಷ್ಟು ಯೂನಿಟ್ ಎಂಬುದು ಹಿಂದಿನ ಬಳಕೆಯ ಸರಾಸರಿಯ ಮೇಲೆ ನಿಂತಿದೆ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ರಾಜ್ಯದೊಳಗಿನ ಪ್ರಯಾಣಕ್ಕೆ. ಪುಣೆಗೆ ಹೋಗಿಬರಲು ಟಿಕೆಟ್ ಕೊಳ್ಳಲೇಬೇಕು.

'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಯಿಂದ ಮಹಾರಾಷ್ಟ್ರದ ಚೀಟಿಗೂ ಕರ್ನಾಟಕದಲ್ಲಿ ಕೇಂದ್ರದ ಪಾಲಿನ ಧಾನ್ಯ ಸಿಗುತ್ತದೆ. ಆದರೆ ರಾಜ್ಯದ ಯೋಜನೆಗಳಿಗೆ ಅಲ್ಲಿನದೇ ಚೀಟಿ ಬೇಕು. ಹಳೆಯ ಚೀಟಿಯಿಂದ ಹೆಸರು ತೆಗೆಸಿ ಹೊಸದಕ್ಕೆ ಸೇರಿಸಲು ಕಾಲ ಹಿಡಿಯಬಹುದು. ಆದ್ದರಿಂದ ಮೊದಲ ಆರು ತಿಂಗಳ ಲೆಕ್ಕದಲ್ಲಿ ಈ ಹಣವನ್ನು ಸೇರಿಸದಿರುವುದೇ ಜಾಣತನ.

ಮಕ್ಕಳ ಶಾಲೆ: ಆರನೇ ತರಗತಿ ನೆನಪಿಡಿ

ಖರ್ಚಿಗಿಂತ ದೊಡ್ಡ ಪ್ರಶ್ನೆ ಮಕ್ಕಳದು. ಪಿಂಪ್ರಿಯಲ್ಲಿ ಓದುವ ಕನ್ನಡಿಗ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಬರೆಯುತ್ತಾರೆ. ಕನ್ನಡ ಅಕ್ಷರ ಬಾರದ ಮಗು ನೇರ ಏಳನೆಯ ತರಗತಿಯ ಕನ್ನಡ ಮಾಧ್ಯಮಕ್ಕೆ ಬಂದರೆ ತಡಬಡಾಯಿಸುವುದು ಸಹಜ. ಮಾತು ಬರುವುದರಿಂದ ಅಕ್ಷರ ಬೇಗ ಹತ್ತುತ್ತದೆ. ಆದರೆ ಹೋಗುವ ನಿರ್ಧಾರವಾದ ದಿನದಿಂದಲೇ ಮನೆಯಲ್ಲಿ ಕಾಗುಣಿತ ಶುರುವಾಗಬೇಕು.

ಇನ್ನೊಂದು ಮುಖ್ಯ ವಿಷಯ. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಅರ್ಹತೆಯ ಪ್ರಮುಖ ನಿಯಮ, 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು ಎಂಬುದು. 6ನೇ ತರಗತಿಗೆ ಬಂದು ಸೇರಿದ ಮಗುವಿಗೆ ಪಿಯುಸಿ ಮುಗಿಯುವಾಗ ಸರಿಯಾಗಿ 7 ವರ್ಷವಾಗುತ್ತದೆ. 8 ಅಥವಾ 9ನೇ ತರಗತಿಗೆ ಬಂದರೆ ಈ ನಿಯಮದಡಿ ಅರ್ಹತೆ ಸಿಗದು. ಬೇರೆ ಕೆಲವು ನಿಯಮಗಳಡಿ ಅವಕಾಶ ಇದೆಯೇ ಎಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೈಪಿಡಿ ನೋಡಬೇಕಾಗುತ್ತದೆ. ಮಹಾರಾಷ್ಟ್ರದ ಕೋಟಾಕ್ಕೆ ಸಾಮಾನ್ಯವಾಗಿ 10 ಮತ್ತು 12ನೇ ತರಗತಿಯನ್ನು ಅಲ್ಲೇ ಪಾಸಾಗಿರಬೇಕು. ಅಂದರೆ ತಪ್ಪು ಹೊತ್ತಿನಲ್ಲಿ ಊರು ಬದಲಿಸಿದರೆ ಮಗು ಎರಡೂ ಕಡೆ ಹೊರಗುಳಿಯಬಹುದು.

ಹೈಸ್ಕೂಲಿನಲ್ಲಿರುವ ಮಕ್ಕಳಿದ್ದರೆ ಓದು ಒಂದು ಹಂತ ಮುಗಿಯುವವರೆಗೆ ಕಾಯುವುದು ಒಳ್ಳೆಯದು. ಸಣ್ಣ ಮಕ್ಕಳಿದ್ದರೆ ಬೇಗ ನಿರ್ಧರಿಸುವುದು ಒಳ್ಳೆಯದು.

ಇಎಸ್‌ಐ, ಪಿಎಫ್ ಮರೆಯಬೇಡಿ

ತಿಂಗಳಿಗೆ 21,000 ರೂ.ವರೆಗೆ ವೇತನವಿರುವ ಕಾರ್ಮಿಕರಿಗೆ ಇಎಸ್‌ಐ ಇರುತ್ತದೆ. ಕಾರ್ಮಿಕರ ವೇತನದಿಂದ ಕಡಿತವಾಗುವುದು ಶೇ 0.75 ಮಾತ್ರ, ಮಾಲೀಕರ ಪಾಲು ಶೇ 3.25. ಕೆಲಸ ಬಿಟ್ಟರೆ ಕೆಲ ಸಮಯದ ನಂತರ ಈ ರಕ್ಷಣೆ ನಿಲ್ಲುತ್ತದೆ. ಊರಿಗೆ ಮರಳುವವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಕೊಳ್ಳುವುದನ್ನು ಮುಂದೂಡಬಾರದು.

ಎರಡನೇ ದಾರಿ ಹಿಡಿಯುವವರಿಗೆ ಒಂದು ಅನುಕೂಲವಿದೆ. ಕಾರ್ಮಿಕ ಒಂದು ಕಡೆ, ಕುಟುಂಬ ಇನ್ನೊಂದು ಕಡೆ ಇದ್ದರೂ ಕುಟುಂಬ ಇರುವಲ್ಲೇ ಇಎಸ್‌ಐ ಚಿಕಿತ್ಸೆಗೆ ನೋಂದಾಯಿಸಿಕೊಳ್ಳಬಹುದು. ಕಲಬುರಗಿಯಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಯೇ ಇದೆ.

ಪಿಎಫ್ ವಿಚಾರದಲ್ಲಿ 10 ವರ್ಷದ ಗಡಿ ಗಮನಿಸಬೇಕು. ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿಗೆ ಕನಿಷ್ಠ 10 ವರ್ಷ ಸೇವೆ ಬೇಕು. ಒಂಬತ್ತು ವರ್ಷ ದುಡಿದವರು ಒಂದು ವರ್ಷ ತಡೆದು ಹೊರಟರೆ ಇಳಿವಯಸ್ಸಿಗೆ ಒಂದು ಆಧಾರ ಸಿಗುತ್ತದೆ. ಮನೆ ರಿಪೇರಿಗೆಂದು ಪಿಎಫ್ ಪೂರ್ತಿ ಖಾಲಿ ಮಾಡಿದರೆ ಊರಿನ ಯೋಜನೆ ಫಲಿಸದಿದ್ದಾಗ ಮತ್ತೆ ನಗರಕ್ಕೆ ಬರಲು ಡಿಪಾಸಿಟ್‌ಗೂ ಹಣ ಇರುವುದಿಲ್ಲ.

ಹೊರಡುವ ಮೊದಲು ಮನೆಯಲ್ಲಿ ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

* ಇಬ್ಬರ ಗಳಿಕೆಯನ್ನೂ ಬರೆದಿದ್ದೀರಾ? ಊರಲ್ಲಿ ಆಕೆಗೆ ವರ್ಷದಲ್ಲಿ ಎಷ್ಟು ತಿಂಗಳು ಕೆಲಸ ಸಿಗುತ್ತದೆ?
* ಊರಿನ ಮನೆ ಯಾರ ಹೆಸರಿನಲ್ಲಿದೆ? ಅಣ್ಣ-ತಮ್ಮಂದಿರ ಪಾಲು ಮಾತಾಗಿದೆಯೇ?
* ಮಳೆ ಬಾರದ ವರ್ಷ ಆದಾಯ ಎಷ್ಟು? ಒಳ್ಳೆಯ ಬೆಳೆ ಬಂದ ವರ್ಷದ ಲೆಕ್ಕ ಹಿಡಿಯಬೇಡಿ.
* ಮಕ್ಕಳು ಯಾವ ತರಗತಿಯಲ್ಲಿದ್ದಾರೆ?
* ಆರು ತಿಂಗಳ ಖರ್ಚಿನಷ್ಟು ಹಣ ಕೈಯಲ್ಲಿದೆಯೇ?

ಈ ಪ್ರಶ್ನೆಗಳನ್ನು ಗಂಡಸರಷ್ಟೇ ಕೂತು ತೀರ್ಮಾನಿಸಿದರೆ ಉತ್ತರ ಅರ್ಧವೇ ಸಿಗುತ್ತದೆ. ದಿನಸಿ ಎಷ್ಟಕ್ಕೆ ಬರುತ್ತದೆ, ತಿಂಗಳ ಕೊನೆಯ ವಾರ ಯಾರ ಹಣದಲ್ಲಿ ನಡೆಯುತ್ತದೆ ಎಂಬುದು ಚೆನ್ನಾಗಿ ಗೊತ್ತಿರುವುದು ಮನೆ ನಡೆಸುವ ಹೆಣ್ಣುಮಗಳಿಗೆ.

ಸಾಧ್ಯವಾದರೆ ಶಾಲೆಯ ಬೇಸಿಗೆ ರಜೆಯಲ್ಲಿ ಒಂದೂವರೆ-ಎರಡು ತಿಂಗಳು ಊರಲ್ಲಿದ್ದು ಬಂದ ಹಣ, ಹೋದ ಹಣ ಎರಡನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನೀರಿಗೆ ಬರ, ಹೊಲದಲ್ಲಿ ಕೆಲಸ ಕಡಿಮೆ ಇರುವ ಆ ದಿನಗಳಲ್ಲೂ ಲೆಕ್ಕ ಸರಿಹೊಂದಿದರೆ ಉಳಿದ ತಿಂಗಳುಗಳಲ್ಲಿ ಊರು ಕೈಬಿಡುವ ಸಾಧ್ಯತೆ ಕಡಿಮೆ. ಹೊಂದದಿದ್ದರೆ ಪಿಂಪ್ರಿಯ ಮನೆಯ ಕರಾರು ಮುರಿಯುವ ಮೊದಲೇ ಅದು ತಿಳಿದಂತಾಯಿತು.